ಅಂಬರೀಷ ವಿಠ್ಠಲನ ಬೇಲಿ

ಕೆನಡಾದ ಮಿಲ್ಟನ್ನಿನ ಆ ಹೊಸ ಬಡಾವಣೆಯ ಓಣಿಗೆ ಬಿಲ್ಡರ್ ಇಟ್ಟಿದ್ದ ಹೆಸರು ಸರ್ ಆಂಬ್ರೋಸ್ ವಿಟಲ್ ಕ್ರೆಸೆಂಟ್. ಸುಶೀಲವ್ವನ ಬಾಯಲ್ಲಿ ಅದು ಬಂದ ವಾರದಲ್ಲೇ ಅಂಬರೀಷ ವಿಠ್ಠಲನ ಓಣಿ ಆಯಿತು. ಬೈಲಹೊಂಗಲದ ತಂಗಿಗೆ ಫೋನು ಹಚ್ಚಿ, "ಪರದೇಶಕ್ಕ ಬಂದ್ರೂ ಪಾಂಡುರಂಗ ನಮ್ಮ ಕೈ ಬಿಟ್ಟಿಲ್ಲವಾ, ನಮ್ಮ ಓಣಿಗೆ ಅವನ ಹೆಸರ ಇಟ್ಟಾರ" ಎಂದು ಹೇಳಿಯೂ ಬಿಟ್ಟಳು. ಗಂಡ ವೀರಭದ್ರಪ್ಪ ಅದನ್ನು ತಿದ್ದಲು ಹೋಗಲಿಲ್ಲ. ತಿದ್ದಬೇಕೆಂದರೆ ಈ ಆಂಬ್ರೋಸ್ ವಿಟಲ್ ಯಾರೆಂದು ತನಗಾದರೂ ಗೊತ್ತಿರಬೇಕಲ್ಲ.

ವೀರಭದ್ರಪ್ಪ ಊರಲ್ಲಿ ಹೊಲಮನೆ ಉಳ್ಳವರು. ಕರಿಮಣ್ಣಿನ ಹೊಲ, ಕಬ್ಬು, ಎರಡು ಬಾವಿ, ಕಟ್ಟೆಯ ಮೇಲೆ ಕೂತರೆ ನಾಲ್ಕು ಜನ ಎದ್ದು ನಿಲ್ಲುವಷ್ಟು ಮರ್ಯಾದೆ. ಇಷ್ಟಿದ್ದೂ ಒಂದು ಕೊರತೆ ಉಳಿದಿತ್ತು. ಜಿಲ್ಲಾ ಪಂಚಾಯ್ತಿಗೆ ಮೂರು ಸಲ ನಿಂತು ಮೂರು ಸಲವೂ ಬಿದ್ದಿದ್ದರು. ಮೊದಲು ಪಕ್ಷೇತರರಾಗಿ, ಆಮೇಲೆ ಒಂದು ಪಕ್ಷದಿಂದ, ಕೊನೆಗೆ ಅದರ ಎದುರಿನ ಪಕ್ಷದಿಂದ. ಮೂರನೆಯ ಸೋಲಿನ ನಂತರ ಮಗ ಪ್ರಮೋದ, "ಅಪ್ಪಾ, ಸಾಕಿನ್ನ, ನಮ್ಮ ಕಡೆ ಬಂದು ಇರ್ರಿ" ಎಂದು ಇಬ್ಬರನ್ನೂ ಕೆನಡಾಕ್ಕೆ ಕರೆಸಿಕೊಂಡ. ಹೊಸ ಮನೆ ಕೊಳ್ಳುವಾಗ ವೀರಭದ್ರಪ್ಪ ಊರಿನ ಒಂದು ತುಂಡು ಹೊಲ ಮಾರಿ ಹಣ ಹಾಕಿದ್ದರಿಂದ ಮನೆಯ ಕಾಗದದಲ್ಲಿ ಅವರ ಹೆಸರೂ ಸೇರಿತ್ತು. ಗುರುತಿನವರು ಸಿಕ್ಕರೆ, "ಇಲ್ಲೂ ನಾವು ಹೊಲಮನಿ ಇದ್ದವರ ನೋಡ್ರಿ. ಹೊಲ ಒಂದಿಲ್ಲ, ಅಷ್ಟ" ಎನ್ನುತ್ತಿದ್ದರು.

ಓಣಿಯ ತಿರುವಿನಲ್ಲಿ ಎಲ್ಲ ಮನೆಗಳ ಟಪಾಲು ಬಂದು ಬೀಳುವ ಕಬ್ಬಿಣದ ಪೆಟ್ಟಿಗೆ ಇದೆ. ಅಲ್ಲಿ ಒಂದು ಸಂಜೆ ಎದುರು ಮನೆಯ ಸತ್ಯಪ್ರಕಾಶ್ ಸಿಕ್ಕರು. ಮೈಸೂರಿನವರು, ಯೂನಿಯನ್‌ವಿಲ್‌ನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ಮಿಲ್ಟನ್ನಿಂದ ಯೂನಿಯನ್‌ವಿಲ್ಲಿಗೆ ಕಾರಿನಲ್ಲಿ ಹೋಗಿ ಬರುವುದರಲ್ಲೇ ಅವರ ಅರ್ಧ ಆಯುಷ್ಯ ಸವೆದಿತ್ತು. ಉಳಿದರ್ಧ ಈ ಓಣಿಯ ಮನೆಮಾಲೀಕರ ಕಮಿಟಿಯ ಅಧ್ಯಕ್ಷರಾಗಿ ಸವೆಯುತ್ತಿತ್ತು.

"ಅಲ್ರಿ, ಈ ಓಣಿ ಹೆಸರಿನ ಮನುಷ್ಯಾ ಯಾರ್ರಿ?" ಎಂದು ವೀರಭದ್ರಪ್ಪ ಮಾತಿಗೆ ಮಾತು ಬಂದು ಕೇಳಿದರು.

"ಇಂಗ್ಲೆಂಡಿನವನು ಸಾರ್. ಸುಮಾರು ನಾನೂರು ವರ್ಷದ ಹಿಂದಿನವನು. ದೊಡ್ಡ ಜಮೀನ್ದಾರ, ಜೊತೆಗೆ ರಾಜಕಾರಣಿ. ಪಾರ್ಲಿಮೆಂಟ್ ಮೆಂಬರ್ ಆಗಿದ್ದ. ಬಿಲ್ಡರ್ ಯಾವುದೋ ಹಳೇ ಪುಸ್ತಕದಿಂದ ಹೆಸರು ಎತ್ತಿಹಾಕಿದ್ದಾನೆ ಅಷ್ಟೇ. ನಂಗೆ ಹಿಸ್ಟರಿ ಅಂದ್ರೆ ಸ್ವಲ್ಪ ಹುಚ್ಚು, ಹುಡುಕಿ ಓದಿದೆ. ಪ್ರಿಂಟ್ ಔಟ್ ಇದೆ, ಕೊಡ್ಲಾ?"

ಜಮೀನ್ದಾರ, ರಾಜಕಾರಣಿ. ಈ ಎರಡು ಮಾತು ಕೇಳಿದ್ದೇ ವೀರಭದ್ರಪ್ಪನವರ ಬೆನ್ನು ತಾನಾಗಿ ನೆಟ್ಟಗಾಯಿತು.

"ಇನ್ನೊಂದು ವಿಷಯ ಸಾರ್," ಎಂದು ಸತ್ಯಪ್ರಕಾಶ್ ದನಿ ತಗ್ಗಿಸಿದರು. "ಈ ಕಮಿಟಿ ಅಧ್ಯಕ್ಷಗಿರಿ ನನ್ ಕೈಲಿ ಆಗ್ತಿಲ್ಲ. ಹಿಮ ತೆಗೆಯೋವ್ನು ಬರ್ಲಿಲ್ಲ ಅಂದ್ರೆ ನಂಗೆ ಫೋನು, ನಾಯಿ ಗಲೀಜು ಮಾಡಿದ್ರೆ ನಂಗೆ ಫೋನು. ನಿಮ್ಮ ಹೆಸರಲ್ಲೂ ಮನೆ ಇದೆ ಅಲ್ವಾ? ನೀವ್ಯಾಕೆ ನಿಲ್ಲಬಾರದು?"

ನಿಲ್ಲುವುದು! ಆ ಕ್ರಿಯಾಪದವನ್ನು ಕೇಳಿ ಎಷ್ಟು ವರ್ಷಗಳಾಗಿದ್ದವು. "ವಿಚಾರ ಮಾಡಿ ಹೇಳ್ತೇನ್ರಿ" ಎಂದು ಗಾಂಭೀರ್ಯದಿಂದ ನುಡಿದು, ಮನೆ ಮುಟ್ಟುವುದರೊಳಗೆ ಯಾವ ಕೋಟು ಹಾಕಿಕೊಳ್ಳಬೇಕೆಂಬುದನ್ನೂ ತೀರ್ಮಾನಿಸಿದ್ದರು.

ಪ್ರಿಂಟ್ ಔಟ್ ಬಂತು. ಆದರೆ ಅದರ ಇಂಗ್ಲಿಷು ಹಳೆಯ ಕಾಲದ್ದು, ಒಣಗಿದ ಕಬ್ಬಿನಂತೆ, ಎಷ್ಟು ಅಗಿದರೂ ರಸ ಬರದು. ಸೊಸೆ ಮಾಧುರಿ ನೆರವಿಗೆ ಬಂದಳು. ಅವಳು ಹುಬ್ಬಳ್ಳಿಯವಳು, ಫಾರ್ಮಸಿಯಲ್ಲಿ ಕೆಲಸ, ಕಿವಿಯಷ್ಟೇ ಚುರುಕಾದ ನಾಲಿಗೆ. ದಿನಾ ಸಂಜೆ ಊಟದ ಹೊತ್ತಿಗೆ ಒಂದೆರಡು ಪುಟ ಓದಿ ತನ್ನ ಮಾತಿನಲ್ಲಿ ಹೇಳುವಳು. ಒಳ್ಳೇ ಜಾಗ ಬಂದ ಕೂಡಲೇ ನಿಲ್ಲಿಸಿ, "ಇನ್ನ ನಾಳೆ ಮಾವಾರ, ಭಾಂಡೆ ತಿಕ್ಕೋದೈತಿ" ಎನ್ನುವಳು.

"ಆಂಬ್ರೋಸನ ಅಪ್ಪ ತೀರಿಕೊಂಡಾಗ ಹುಡುಗಗ ಇನ್ನೂ ಮೀಸಿ ಮೂಡಿದ್ದಿಲ್ಲಂತ. ಮೂರು ಊರಾಗ ಹೊಲ, ಒಂದು ನೀರಿನ ಗಿರಣಿ, ಒಂದು ಮೀನಿನ ಹೊಂಡ, ಎಲ್ಲಾ ಇವನ ಕೊರಳಿಗೆ ಬಂತು."

"ನೀರಿನ ಗಿರಣಿ ಐತಿ ಅಂದ್ರ ನೀರಿನ ಜಗಳಾ ಇರಬೇಕು."

"ಐತ್ರಿ. ಸ್ವಂತ ಕಾಕಾನ ಜೋಡಿ."

"ನಾ ಹೇಳಲಿಲ್ಲ?" ವೀರಭದ್ರಪ್ಪ ಟೇಬಲ್ಲು ಗುದ್ದಿದರು. ಸಾರು ತುಳುಕಿತು. "ಎಲ್ಲಿ ಹೋದ್ರೂ ಕಾಕಾ ಕಾಕಾನ."

ಆಂಬ್ರೋಸ್ ಪಾರ್ಲಿಮೆಂಟಿಗೆ ನಿಂತದ್ದು ಒಂದು ಸಣ್ಣ ಊರಿನಿಂದ. ಮತದಾರರು ಒಂದು ಮದುವೆ ಪಂಕ್ತಿಗಾಗುವಷ್ಟು ಜನ ಮಾತ್ರ. ಅವರನ್ನೆಲ್ಲ ಒಂದು ಛತ್ರದಲ್ಲಿ ಕೂಡಿಹಾಕಿ ಬಾಡೂಟ ಹಾಕಿಸಿ, ಪೀಪಾಯಿಗಟ್ಟಲೆ ಬಿಯರು ಕುಡಿಸಿದ.

"ಎದುರಿನವಾ?"

"ಅವನೂ ಉಣಿಸಿದ್ನಂತ್ರಿ. ಸೋತವರ ಹೆಚ್ಚು ಉಣಿಸ್ತಿದ್ರು ಅಂತ ಬರದಾರ."

ವೀರಭದ್ರಪ್ಪ ಒಂದು ತುತ್ತನ್ನು ಬಹಳ ಹೊತ್ತು ಅಗಿದರು.

ಮರುದಿನ ಯುದ್ಧ ಬಂತು. ಅರಸನಿಗೂ ಪಾರ್ಲಿಮೆಂಟಿಗೂ ಜಗಳ ಹತ್ತಿ ಇಂಗ್ಲೆಂಡು ಎರಡು ಭಾಗವಾಯಿತು. ಅರಸನ ದಂಡು ಊರಿಗೆ ಬಂದಾಗ ಆಂಬ್ರೋಸ್ ಅರಸನ ಕಡೆ, ಪಾರ್ಲಿಮೆಂಟಿನ ದಂಡು ಬಂದಾಗ ಪಾರ್ಲಿಮೆಂಟಿನ ಕಡೆ. ಒಂದು ದಿನ ಎರಡೂ ದಂಡು ಒಟ್ಟಿಗೇ ಬಂದುಬಿಟ್ಟವು. ಆಗ ಆಂಬ್ರೋಸ್ ಚೀಸ್ ಇಡುವ ನೆಲಮಾಳಿಗೆಯಲ್ಲಿ ಅಡಗಿ ಕೂತ. ಅವನ ಹೆಂಡತಿ ಹೊರಗೆ ನಿಂತು, "ಯಜಮಾನರು ಊರಾಗಿಲ್ಲ" ಎಂದು ಇಬ್ಬರಿಗೂ ಹೇಳಿ ಕಳಿಸಿದಳು.

"ಪಕ್ಷ ಬಿಡೋದು ತಪ್ಪಲ್ಲ ಮಾಧುರಿ," ಎಂದು ವೀರಭದ್ರಪ್ಪ ಬೆರಳೆತ್ತಿ ವಿವರಿಸಿದರು. "ಯಾವಾಗ ಬಿಡಬೇಕು ಅನ್ನೋದು ತಿಳಿದಿರಬೇಕು. ನಾ ಯಾವಾಗಲೂ ಒಂದು ವಾರ ತಡಾ ಮಾಡಿದೆ."

ಕೈತೊಳೆಯುತ್ತಿದ್ದ ಸುಶೀಲವ್ವ, "ಆ ಹೆಂಡತಿ ಹೆಸರೇನಂತ?" ಎಂದು ಕೇಳಿದಳು. ಮಾಧುರಿ ಕಾಗದವನ್ನು ಹಿಂದೆ ಮುಂದೆ ತಿರುವಿದಳು. ಹೆಸರು ಎಲ್ಲೂ ಇರಲಿಲ್ಲ.

ಕಮಿಟಿಯ ಸಭೆ ಪ್ರಮೋದನ ಬೇಸ್‌ಮೆಂಟಿನಲ್ಲಿ ಕೂಡಿತು. ವೀರಭದ್ರಪ್ಪ ಕೋಟು ಹಾಕಿ, ಹಣೆಗೆ ವಿಭೂತಿ ಹಚ್ಚಿ, ಬಂದವರಿಗೆಲ್ಲ ಮೆಟ್ಟಿಲ ಬುಡದಲ್ಲೇ ಕೈಮುಗಿದು ಒಳಗೆ ಬಿಟ್ಟುಕೊಂಡರು. ಸತ್ಯಪ್ರಕಾಶ್ ಅವರ ಹೆಸರನ್ನು ಸೂಚಿಸಿ, "ಬೇರೆ ಯಾರಾದ್ರೂ ಇದ್ದೀರಾ?" ಎಂದು ಕೇಳಿದರು. ಒಬ್ಬರೂ ತಲೆ ಎತ್ತಲಿಲ್ಲ. "ಹಾಗಾದ್ರೆ ಅವಿರೋಧ ಆಯ್ಕೆ."

ವೀರಭದ್ರಪ್ಪನವರ ಮುಖ ಇಳಿಯಿತು. ಬದುಕಿನಲ್ಲಿ ಮೊದಲ ಸಲ ಗೆಲ್ಲುತ್ತಿರುವಾಗ ಸೋಲುವವನೇ ಇಲ್ಲವೆಂದರೆ ಏನು ಸುಖ? "ಹಂಗ ಬ್ಯಾಡ್ರಿ," ಎಂದರು. "ಪ್ರಜಾಪ್ರಭುತ್ವ ಅಂದ ಮ್ಯಾಲ ಸ್ಪರ್ಧಾ ಇರಬೇಕು. ಪ್ರಮೋದಾ, ನೀ ನಿಂದ್ರು."

"ನಾನ್ಯಾಕಪ್ಪಾ?"

"ಡಮ್ಮಿ. ಸುಮ್ಮ ನಿಂದ್ರು."

ಚೀಟಿ ಹರಿದು ಹಂಚಿದರು. ಎಣಿಸಿ ನೋಡಿದಾಗ ವೀರಭದ್ರಪ್ಪ ಗೆದ್ದಿದ್ದರು, ಆದರೆ ಬರೀ ಎರಡು ಮತದಿಂದ. ಚಪ್ಪಾಳೆ ಬಿತ್ತು. ಧಾರವಾಡದ ಪೇಢೆ ಹಂಚಿದರು. ಪ್ರಮೋದನಿಗೆ ಅಷ್ಟು ಮತ ಹಾಕಿದವರು ಯಾರು ಎಂಬ ಪ್ರಶ್ನೆ ಮಾತ್ರ ಅವರ ಗಂಟಲಲ್ಲಿ ಪೇಢೆಯ ಜೊತೆ ಸಿಕ್ಕಿಕೊಂಡಿತು. ಎರಡು ದಿನ ಮಗನೊಂದಿಗೆ ಮಾತು ಬಿಟ್ಟರು. "ಡಮ್ಮಿ ಅಂದ್ರ ಡಮ್ಮಿ ಹಂಗ ಇರಬೇಕು" ಎಂದಷ್ಟೇ ಸೊಸೆಯ ಮುಂದೆ ಹೇಳಿಕೊಂಡರು.

ಅಧ್ಯಕ್ಷರಾದ ಮೇಲೆ ಏನಾದರೂ ಮಾಡಿ ತೋರಿಸಬೇಕು. ಅದೇ ವಾರ ಮಾಧುರಿ ಹೊಸ ಭಾಗ ಓದಿದಳು. ಮೂರೂ ಊರಿನ ದನಕರು ಮೇಯುತ್ತಿದ್ದ ಗಾಯರಾಣಕ್ಕೆ ಆಂಬ್ರೋಸ್ ಸುತ್ತ ಬೇಲಿ ಹಾಕಿಸಿ ಒಳಗೆ ತನ್ನ ಕುರಿ ಬಿಟ್ಟ. ಉಣ್ಣೆ ವ್ಯಾಪಾರ ಜೋರಾಯಿತು. ಮರುವರ್ಷವೇ ಅರಮನೆಯಿಂದ ಕರೆ ಬಂದು ಬರೀ ಆಂಬ್ರೋಸ್ ಇದ್ದವನು ಸರ್ ಆಂಬ್ರೋಸ್ ಆದ.

ಬೇಲಿ ಹಾಕಿದ, ಸರ್ ಆದ. ವೀರಭದ್ರಪ್ಪನವರಿಗೆ ಇವೆರಡರ ನಡುವೆ ಒಂದು ದಾರ ಕಂಡಿತು.

ಅವರ ಓಣಿಯ ಹಿಂಬದಿಗೆ ಉದ್ದಕ್ಕೂ ಒಂದು ಹುಲ್ಲಿನ ಪಟ್ಟಿ ಇತ್ತು. ಅದು ಓಣಿಯ ಎಲ್ಲ ಮನೆಮಾಲೀಕರಿಗೂ ಸೇರಿದ ಜಾಗ. ಅದರಾಚೆ ಒಂದಕ್ಕೊಂದು ಅಂಟಿಕೊಂಡ ಬಾಡಿಗೆಯ ಟೌನ್‌ಹೌಸುಗಳು. ಅಲ್ಲಿಯವರು ರೈಲಿನ ಸ್ಟೇಷನ್ನಿಗೆ ಹೋಗುವ ಬಸ್ಸು ಹಿಡಿಯಲು ಆ ಹುಲ್ಲನ್ನು ದಾಟಿಯೇ ಬರುತ್ತಿದ್ದರು. ನಡೆದೂ ನಡೆದೂ ಒಂದು ಕಾಲುದಾರಿ ಬಿದ್ದಿತ್ತು. ಹಿಮ ಕರಗುವ ಕಾಲಕ್ಕೆ ಕೆಸರು, ಉಳಿದ ಕಾಲಕ್ಕೆ ಕಾಫಿಯ ಖಾಲಿ ಲೋಟಗಳು. ಓಣಿಯವರು ಗೊಣಗುತ್ತಲೇ ಇದ್ದರು. ವೀರಭದ್ರಪ್ಪ ಕಮಿಟಿ ಕರೆದು ಒಂದೇ ಮಾತಿನಲ್ಲಿ ಮುಗಿಸಿದರು. "ಬೇಲಿ ಹಾಕೋಣ್ರಿ." ಗೊಣಗಿದವರೆಲ್ಲ ಕೈ ಎತ್ತಿದರು.

ಸೆಪ್ಟೆಂಬರಿನಲ್ಲಿ ಕಂಬ ಹುಗಿದರು. ಕಂಬಕ್ಕೆ ಕಂಬ ಕೂಡಿಸಿ ಎದೆಯೆತ್ತರದ ಕಟ್ಟಿಗೆಯ ಹಲಗೆಗಳನ್ನು ಸ್ಕ್ರೂ ಹಾಕಿ ಬಿಗಿದರು. ವೀರಭದ್ರಪ್ಪ ಕೊಡೆ ಊರಿಕೊಂಡು ಕೆಲಸಗಾರರ ಹಿಂದೆ ನಿಂತು, "ಸ್ವಲ್ಪ ಲೆಫ್ಟು, ಸ್ವಲ್ಪ ಲೆಫ್ಟು" ಎನ್ನುತ್ತಿದ್ದರು. ಶಾಲೆಯಿಂದ ಬಂದ ಮೊಮ್ಮಗಳು ನೀಲಾಂಬಿಕಾ ಬ್ಯಾಗು ಹೊತ್ತುಕೊಂಡೇ ನಿಂತು ನೋಡಿದಳು. "ಅಜ್ಜಾ, ಯು ಆರ್ ಬೇಸಿಕಲಿ ದ ಬ್ಯಾಡ್ ಗೈ," ಎಂದಳು.

"ಏನಂತಾಳ?" ಎಂದು ಅವರು ಮಾಧುರಿಯನ್ನು ಕೇಳಿದರು.

"ಬೇಲಿ ಚೊಲೋ ಆಗೇತಿ ಅಂತಾಳ್ರಿ."

ಮರುದಿನ ಮಧ್ಯಾಹ್ನ ಊಟಕ್ಕೆ ಕೂತರೆ ತಟ್ಟೆಯಲ್ಲಿ ಬ್ರೆಡ್ಡು.

"ಇದೇನಿದು? ರೊಟ್ಟಿ ಎಲ್ಲೈತಿ?"

"ಬೇಲಿ ಆಚಿಗೆ ಐತ್ರಿ," ಎಂದಳು ಸುಶೀಲವ್ವ.

ಸಂಗತಿ ಹೀಗಿತ್ತು. ಪ್ರಮೋದನ ಮನೆಯ ಗಾಜಿನ ಒಲೆಯ ಮೇಲೆ ಜೋಳದ ರೊಟ್ಟಿ ಸುಡಲು ಹೋದರೆ ಹೊಗೆಯ ಅಲಾರಮ್ಮು ಓಣಿಗೇ ಕೇಳುವಂತೆ ಚೀರುತ್ತಿತ್ತು. ಹುಲ್ಲಿನ ಪಟ್ಟಿಯಾಚೆ, ಟೌನ್‌ಹೌಸಿನಲ್ಲಿ, ಬೆಳಗಾವಿಯ ಅಕ್ಕಮ್ಮ ಇದ್ದಳು. ಅವಳ ಮಗ ಗ್ಯಾರೇಜಿನ ಬಾಯಿಗೆ ಒಂದು ಗ್ಯಾಸ್ ಒಲೆ ಕೂಡಿಸಿಕೊಟ್ಟಿದ್ದ. ದಿನಾ ಬೆಳಿಗ್ಗೆ ಸುಶೀಲವ್ವ ಹಿಟ್ಟು ತಗೊಂಡು ಹುಲ್ಲು ದಾಟಿ ಹೋಗುವಳು. ಇಬ್ಬರೂ ಕೂಡಿ ಎರಡೂ ಮನೆಯ ರೊಟ್ಟಿ ಬಡಿಯುವರು, ಊರ ಸುದ್ದಿ ಆಡುವರು, ಬಟ್ಟೆಯಲ್ಲಿ ಸುತ್ತಿಕೊಂಡು ಬಿಸಿ ಆರುವ ಮೊದಲೇ ಸುಶೀಲವ್ವ ವಾಪಸು ಬರುವಳು. ಆ ರೊಟ್ಟಿ ತಟ್ಟೆಗೆ ಬರುವುದು ಯಾವ ದಾರಿಯಿಂದ ಎಂದು ವೀರಭದ್ರಪ್ಪ ಒಂದು ದಿನವೂ ಯೋಚಿಸಿರಲಿಲ್ಲ.

"ಸುತ್ತು ಹಾಕಿ ಹೋದರಾತು. ರಸ್ತೆ ಇಲ್ಲೇನು?"

"ಹೋಗಿದ್ದೆ. ದೊಡ್ಡ ರಸ್ತೆ ಹಿಡದು, ಸಿಗ್ನಲ್ಲು ದಾಟಿ, ಪೆಟ್ರೋಲ್ ಪಂಪಿನ ಕಡಿಂದ. ಮಣಕಾಲು ಹಿಡಕೊಂಡ್ವು, ಅರ್ಧಕ್ಕ ಹೊಳ್ಳಿ ಬಂದೆ. ನಾಳಿಂದ ನೀವ ಹೋಗಿ ತರ್ರಿ."

ಅವರು ಹೋಗಲಿಲ್ಲ. ಅಧ್ಯಕ್ಷರು ರೊಟ್ಟಿ ಗಂಟು ಹಿಡಿದು ಪೆಟ್ರೋಲ್ ಪಂಪು ಸುತ್ತುವುದೆಂದರೆ ಏನು. ಬ್ರೆಡ್ಡಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದರು. ಮರುದಿನವೂ ಬ್ರೆಡ್ಡು. ಅದರ ಮರುದಿನ ಬ್ರೆಡ್ಡಿನ ಉಪ್ಪಿಟ್ಟು. ಸುಶೀಲವ್ವ ಬೈಯಲಿಲ್ಲ, ಅಳಲಿಲ್ಲ. ಹಿತ್ತಲಿನ ಕಿಟಕಿಯಲ್ಲಿ ನಿಂತು ಬೇಲಿಯ ಮೇಲಿಂದ ಅಕ್ಕಮ್ಮನ ಗ್ಯಾರೇಜಿನ ಹೊಗೆ ನೋಡುತ್ತಿದ್ದಳು. ವೀರಭದ್ರಪ್ಪನವರಿಗೆ ಬೈಗುಳವೇ ಆಗಿದ್ದರೆ ಚೆನ್ನಾಗಿತ್ತು ಅನಿಸತೊಡಗಿತು.

ಒಂದು ಶನಿವಾರ ಸಂಜೆ ಮಾಧುರಿ ಬಹಳ ದಿನಗಳ ಮೇಲೆ ಕಾಗದ ಕೈಗೆತ್ತಿಕೊಂಡಳು. "ಮಾವಾರ, ಮುಂದಿಂದು ಭಾರಿ ಐತಿ. ಗಾಯರಾಣಕ್ಕ ಬೇಲಿ ಹಾಕಿದ್ರಲ್ಲ, ಅದನ್ನ ಕಿತ್ತು ಒಗದ್ರಂತ."

"ಯಾರು? ಎದುರಿನ ಪಾರ್ಟಿಯವರೇನು?"

"ಹೆಣ್ಮಕ್ಕಳು."

ಸುಶೀಲವ್ವ ನಲ್ಲಿ ನಿಲ್ಲಿಸಿ ಬಂದು ಕುರ್ಚಿ ಎಳೆದುಕೊಂಡಳು. "ಬರೇ ಕೈಲೆ ಕಿತ್ತರೇನು?"

"ಕುಡಗೋಲು, ಕೊಡ್ಲಿ, ಒಬ್ಬಾಕಿ ಕಟ್ಟಿಗಿ ಸೌಟ ತಂದಿದ್ಲಂತ. ಮುಂದ ಒಬ್ಬಾಕಿ ಡೋಲು ಬಾರಿಸ್ಕೋತ ನಡದಾಳ."

"ಪೊಲೀಸರು ಹಿಡೀಲಿಲ್ಲೇನು?"

"ಗಂಡ ಇದ್ದ ಹೆಂಗಸ್ರಿಗೆ ಕೋರ್ಟಿನವರು ಏನೂ ಮಾಡಂಗಿಲ್ಲ, ಕೇಸು ಹಾಕಿದ್ರ ಗಂಡನ ಮ್ಯಾಲ ಹಾಕಬೇಕು, ಅಂತ ಅವರು ತಿಳಕೊಂಡಿದ್ರಂತ್ರಿ ಅತ್ತಿ."

"ಹಂಗೇನು," ಎಂದಳು ಸುಶೀಲವ್ವ. ಅಷ್ಟೇ. ಎದ್ದು ಹೋಗಿ ಭಾಂಡೆ ಒರೆಸತೊಡಗಿದಳು.

"ಸರ್ ಆಂಬ್ರೋಸ್ ಏನ ಮಾಡಿದಾ?" ವೀರಭದ್ರಪ್ಪನವರ ದನಿ ಸ್ವಲ್ಪ ಸಣ್ಣದಾಗಿತ್ತು.

"ತಡೀಲಿಕ್ಕೆ ಬಂದ್ರಂತ. ಗೊಬ್ಬರ ಹೊರೋ ಕೈಗಾಡಿಯಾಗ ಅವರನ್ನ ಕುಂಡ್ರಿಸಿ, ನೂಕ್ಕೋತ ಹೋಗಿ, ಅವರದ ಮೀನಿನ ಹೊಂಡಕ್ಕ ಚೆಲ್ಲಿದ್ರಂತ."

"ಇದು ಖರೇನ ಬರದಾರೋ, ನೀ ಕೂಡಸಾಕತ್ತೀಯೋ?"

ಮಾಧುರಿ ಕಾಗದ ಅವರ ಮುಂದೆ ಇಟ್ಟಳು. ವೀರಭದ್ರಪ್ಪ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಹುಡುಕಿದರು. ಹೊಂಡ ಎಂಬ ಅರ್ಥದ ಪದ ಅಲ್ಲಿತ್ತು. ಸಮಾಧಾನವಾಗದೆ ಸತ್ಯಪ್ರಕಾಶರಿಗೆ ಫೋನು ಹಚ್ಚಿದರು. "ಹೌದು ಸಾರ್," ಎಂದು ಸತ್ಯಪ್ರಕಾಶ್ ಮರುಗಿದ ದನಿಯಲ್ಲಿ ಹೇಳಿದರು. "ಎರಡು ಸಲ ಚೆಲ್ಲಿದ್ರು."

ಭಾನುವಾರ ಬಿಸಿಲು ಚೆನ್ನಾಗಿ ಬಿದ್ದಿತ್ತು. ವೀರಭದ್ರಪ್ಪ ಚಹಾ ಕಪ್ಪು ಹಿಡಿದು ಹಿತ್ತಲಿನ ಬಾಗಿಲು ತೆಗೆದರೆ ಬೇಲಿಯ ಹತ್ತಿರ ಸಂತೆಯಂಥ ಸದ್ದು. ಆಚೆ ಕಡೆ ಅಕ್ಕಮ್ಮ, ಅವಳ ಪಕ್ಕದ ಮನೆಯ ಪಂಜಾಬಿ ಮುದುಕಿ ಬೀಜಿ, ಇನ್ನೂ ನಾಲ್ಕಾರು ಹೆಂಗಸರು. ಈಚೆ ಕಡೆ, ಅವರ ಕಣ್ಣಿಗೆ ನಂಬಿಕೆಯಾಗದಂತೆ, ಸುಶೀಲವ್ವ, ಜೊತೆಗೆ ಸತ್ಯಪ್ರಕಾಶರ ಹೆಂಡತಿ ಪದ್ಮಾ. ಬೀಜಿಯ ಮಗ ಮನೆ ಕಟ್ಟುವ ಕಂತ್ರಾಟುದಾರ. ಅವನ ಟ್ರಕ್ಕಿನಿಂದ ತಂದ ಬ್ಯಾಟರಿಯ ಡ್ರಿಲ್ಲು ಬೀಜಿಯ ಕೈಯಲ್ಲಿತ್ತು. ಕನ್ನಡಕ ಮೂಗಿಗಿಳಿಸಿ ಒಂದೊಂದೇ ಸ್ಕ್ರೂ ಬಿಚ್ಚುತ್ತಿದ್ದಳು. ಯಾರೂ ಕೂಗುತ್ತಿರಲಿಲ್ಲ, ಏನನ್ನೂ ಮುರಿಯುತ್ತಿರಲಿಲ್ಲ. ಬಿಚ್ಚಿದ ಸ್ಕ್ರೂಗಳನ್ನು ಪದ್ಮಾ ಒಂದು ಸ್ಟೀಲಿನ ಡಬ್ಬಿಯಲ್ಲಿ ಹಾಕಿಕೊಳ್ಳುತ್ತಿದ್ದಳು. ಬಿಚ್ಚಿದ ಹಲಗೆಗಳನ್ನು ಒಂದರ ಮೇಲೊಂದು ಓರಣವಾಗಿ ಪೇರಿಸುತ್ತಿದ್ದರು.

"ಏ, ಏನ ನಡದೈತಿ ಇಲ್ಲಿ?" ಎನ್ನುತ್ತ ವೀರಭದ್ರಪ್ಪ ದಾಪುಗಾಲು ಹಾಕಿದರು. ಅರ್ಧ ಹುಲ್ಲು ದಾಟಿದ ಮೇಲೆ ಅವರ ಕಾಲು ನಿಂತಿತು. ಹಲಗೆ ಸಾಗಿಸಲು ಯಾರೋ ತೋಟದ ಕೈಗಾಡಿ ತಂದಿದ್ದರು. ಅದು ಅಕ್ಕಮ್ಮನ ಪಕ್ಕದಲ್ಲಿ, ಖಾಲಿಯಾಗಿ, ಬಾಯಿ ತೆರೆದುಕೊಂಡು ನಿಂತಿತ್ತು. ಹತ್ತಿರದಲ್ಲಿ ಹೊಂಡ ಇರಲಿಲ್ಲ, ನಿಜ. ಆದರೆ ಮಳೆನೀರು ನಿಲ್ಲಲೆಂದು ಬಿಲ್ಡರ್ ತೋಡಿದ ದೊಡ್ಡ ಕೆರೆಯೊಂದು ಓಣಿಯ ಕೊನೆಗೆ ಇತ್ತು, ಇಳಿಜಾರು ಬೇರೆ. ವೀರಭದ್ರಪ್ಪ ನಿಂತಲ್ಲಿಂದಲೇ ಮಾತಾಡುವುದು ಮೇಲೆಂದು ತೀರ್ಮಾನಿಸಿದರು.

"ಇದು ಕಮಿಟಿ ಹಾಕಿದ ಬೇಲಿ, ಗೊತ್ತೈತಿಲ್ಲೋ?"

"ಕಮಿಟಿ ಅಂದ್ರ ಯಾರ್ರಿ?" ಸುಶೀಲವ್ವ ಹಲಗೆಯನ್ನು ಗೋಡೆಗೆ ಒರಗಿಸಿದಂತೆ ತನ್ನ ಮೈಗೆ ಒರಗಿಸಿಕೊಂಡು ಕೇಳಿದಳು.

"ನಾನು, ಸತ್ಯಪ್ರಕಾಶರು, ಓಣಿಯ ಹಿರೇರು."

"ನನ್ನ ಕೇಳಿದ್ರೇನು?"

"ನಿನ್ನ ಹೆಸರಿನ ಮ್ಯಾಲ ಮನಿ ಇಲ್ಲಲ್ಲ. ನಿನಗ ವೋಟ್ ಇಲ್ಲ."

"ಊರಾಗ ಇತ್ತಲ್ಲ."

"ಹೌದು, ಇತ್ತು. ಅದಕ್ಕೇನೀಗ?"

"ಮೂರು ಸಲಾನೂ ನಿಮಗ ಹಾಕಿಲ್ಲ," ಎಂದಳು ಸುಶೀಲವ್ವ.

ಡ್ರಿಲ್ಲಿನ ಸದ್ದು ನಿಂತಿತು. ಕನ್ನಡ ಬಾರದ ಬೀಜಿಗೂ ಏನೋ ದೊಡ್ಡದು ನಡೆಯಿತೆಂದು ತಿಳಿದಿತ್ತು. ವೀರಭದ್ರಪ್ಪ ಕಪ್ಪಿನೊಳಗೆ ನೋಡಿದರು. ಅದರಲ್ಲಿ ಚಹಾ ಬಿಟ್ಟರೆ ಬೇರೇನೂ ಇರಲಿಲ್ಲ.

"ಮತ್ತ ಮನಿಮನಿಗೆ ಹೋಗಿ ನನ್ನ ಸಲುವಾಗಿ ವೋಟ್ ಕೇಳಿ ಬಂದಿ?"

"ಕೇಳೋದು ನನ್ನ ಧರ್ಮ, ಕೇಳಿದೆ. ಹಾಕೋದು ನನ್ನ ಕೈ."

"ಯಾಕ?"

ಸುಶೀಲವ್ವ ಹಲಗೆಯ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದಳು. "ಎಲೆಕ್ಷನ್ ಬಂತಂದ್ರ ಆರು ತಿಂಗಳ ನೀವು ನನಗ ಸಿಕ್ತಿದ್ದಿಲ್ಲ. ಸಿಕ್ಕರೂ ಮೈಕಿನಾಗ ಮಾತಾಡಿದಂಗ ಮಾತಾಡ್ತಿದ್ರಿ. ಸೋತ ಮ್ಯಾಲ ಒಂದು ವರ್ಷ ಮನುಷ್ಯಾರಂಗ ಇರ್ತಿದ್ರಿ. ಕಟ್ಟಿ ಮ್ಯಾಲ ಕುಂತು ನನ್ನ ಜೋಡಿ ಶೇಂಗಾ ಸುಲಿತಿದ್ರಿ. ನನಗ ಅದು ಬೇಕಿತ್ತು."

ಯಾರೂ ನಗಲಿಲ್ಲ. ಅಕ್ಕಮ್ಮ ಬೇರೆ ಕಡೆ ಮುಖ ತಿರುಗಿಸಿದಳು. ವೀರಭದ್ರಪ್ಪ ಚಹಾ ಚೆಲ್ಲದಂತೆ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಮನೆಯೊಳಗೆ ನಡೆದರು. ಹಿಂದಿನಿಂದ ಡ್ರಿಲ್ಲು ಮತ್ತೆ ಶುರುವಾಯಿತು.

ಮಧ್ಯಾಹ್ನ ಪ್ರಮೋದ ಎಲ್ಲರನ್ನೂ ಕಾರಿನಲ್ಲಿ ತುಂಬಿಕೊಂಡು ಪೋರ್ಟ್ ಕ್ರೆಡಿಟ್ಟಿಗೆ ಹೊರಟ. ಮನೆಯಲ್ಲಿ ಬಿಸಿ ಏರಿದಾಗ ಎಲ್ಲರನ್ನೂ ನೀರಿನ ಹತ್ತಿರ ಒಯ್ಯುವುದು ಅವನ ಪದ್ಧತಿ. ಸರೋವರದ ದಂಡೆಗೆ ಗಾಳಿ ಜೋರಾಗಿತ್ತು. ದೋಣಿಗಳನ್ನು ಚಳಿಗಾಲಕ್ಕೆಂದು ಒಂದೊಂದಾಗಿ ಮೇಲೆತ್ತುತ್ತಿದ್ದರು. ನೀಲಾಂಬಿಕಾ ಬಾತುಕೋಳಿಗಳ ಹಿಂದೆ ಓಡಿದಳು, ಪ್ರಮೋದ ಅವಳ ಹಿಂದೆ ಓಡಿದ. ಉಳಿದ ಮೂವರು ಒಂದು ಬೆಂಚಿನ ಮೇಲೆ ಕೂತರು. ಮಾಧುರಿ ಬೇಕೆಂದೇ ನಡುವೆ ಕೂತಳು.

ಬಹಳ ಹೊತ್ತಿನ ಮೇಲೆ ವೀರಭದ್ರಪ್ಪ ಕೇಳಿದರು, "ಆ ಮನುಷ್ಯಾ ಕಡೀಕ ಏನಾದಾ?"

ಮಾಧುರಿ ಫೋನಿನಲ್ಲಿ ಉಳಿದ ಪುಟ ತೆಗೆದಳು. "ಹೊಂಡದಿಂದ ಎದ್ದು ಬಂದು ಕೋರ್ಟಿಗೆ ಹೋದ್ರಂತ್ರಿ. ಬೇಲಿ ಮತ್ತ ಹಾಕಿದ್ರು, ಅವರು ಮತ್ತ ಕಿತ್ತರು. ಪಾರ್ಲಿಮೆಂಟಿನಾಗ ಅಷ್ಟು ವರ್ಷ ಕುಂತಿದ್ರಲ್ಲ, ಒಂದ ಸಲ ಎದ್ದು ಮಾತಾಡ್ಯಾರ. ಅದೂ ಈ ಬೇಲಿ ಬಗ್ಗೆ. ಊಟದ ಹೊತ್ತಾಗಿತ್ತಂತ, ಯಾರೂ ಕೇಳಲಿಲ್ಲ. ಕೇಸು ನಡೀತ ನಡೀತ ಗಿರಣಿ ಮಾರಿದ್ರು, ಒಂದು ಊರಿನ ಹೊಲ ಮಾರಿದ್ರು. ತೀರಿಕೊಂಡ ಮರುವರ್ಷ ತೀರ್ಪು ಬಂತು. ಗಾಯರಾಣ ಊರಿಗೆ ಬಿಡ್ರಿ ಅಂತ."

"ಹೆಂಡತಿ?"

"ಅವರ ಬಗ್ಗೆ ಏನೂ ಬರದಿಲ್ಲರಿ."

ವೀರಭದ್ರಪ್ಪ ನೀರನ್ನೇ ನೋಡುತ್ತ ಕೂತರು. ಇಷ್ಟು ವಾರ ಹೆಗಲ ಮೇಲೆ ಕೈ ಹಾಕಿಕೊಂಡು ತಿರುಗಿದ್ದ ಗೆಳೆಯ ನಡುರಸ್ತೆಯಲ್ಲಿ ಹುಚ್ಚನೆಂದು ಗೊತ್ತಾದಂತಿತ್ತು. "ಮಳ್ಳ ಮನುಷ್ಯಾ," ಎಂದರು ಕೊನೆಗೆ. "ಅಷ್ಟು ಹೊಲಾ ಇಟಗೊಂಡು ಒಂದು ದಾರಿ ಬಿಡಾಕ ಆಗಲಿಲ್ಲ ಅವನಿಗೆ."

ಬೆಂಚಿನ ಆ ತುದಿಯಲ್ಲಿದ್ದ ಸುಶೀಲವ್ವ ಕೈಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು, ಸೊಸೆಯ ಮಡಿಲ ಮೇಲಿಂದ ಚಾಚಿದಳು. ಒಳಗೆ ಬೆಳಿಗ್ಗೆ ಬೇಲಿಯ ಸಂದಿನಿಂದ ಬಂದ ರೊಟ್ಟಿ ಇತ್ತು, ಬದನೆಕಾಯಿ ಎಣಗಾಯಿಯ ಜೊತೆ. ಆರಿ ಗಟ್ಟಿಯಾಗಿತ್ತು. ವೀರಭದ್ರಪ್ಪ ಮುರಿದು ತಿಂದರು. ಒಂದು ಬಾತುಕೋಳಿ ಬಂದು ಎದುರು ನಿಂತಿತು. ಅದಕ್ಕೆ ಒಂದು ಚೂರೂ ಕೊಡಲಿಲ್ಲ.

ಆ ವಾರವೇ ಕಮಿಟಿ ಸೇರಿತು. ಸತ್ಯಪ್ರಕಾಶ್ ಬಹಳ ಗಾಬರಿಯಲ್ಲಿದ್ದರು. ಅವರ ಹೆಂಡತಿಯೇ ಸ್ಕ್ರೂ ಡಬ್ಬಿ ಹಿಡಿದಿದ್ದಳೆಂಬುದು ಒಂದು ಕಡೆ, ಇನ್ಶೂರೆನ್ಸು ಏನಾಗುವುದೋ ಎಂಬುದು ಇನ್ನೊಂದು ಕಡೆ. ವೀರಭದ್ರಪ್ಪ ಎದ್ದು ನಿಂತು ಹೇಳಿದರು, "ಉಳದ ಬೇಲಿ ಇರಲಿ. ಕಾಲದಾರಿ ಇದ್ದಲ್ಲಿ ಗೇಟ್ ಇಡೋಣ. ಕೀಲಿ ಬ್ಯಾಡ. ನೆಲಕ್ಕ ಕಲ್ಲು ಹಾಸಿ, ಕಸದ ಡಬ್ಬಿ ಒಂದು ಇಡೋಣ."

"ಒಳ್ಳೇದು ಸಾರ್. ಕಾರಣ ಏನಂತ ಬರ್ಕೊಳ್ಲಿ?"

"ಅಧ್ಯಕ್ಷರ ಊಟದ ಅನುಕೂಲಕ್ಕಾಗಿ ಅಂತ ಬರೀರಿ."

ಸತ್ಯಪ್ರಕಾಶ್ ನಿಜವಾಗಿಯೂ ಹಾಗೆಯೇ ಬರೆದುಕೊಂಡರು. ಯಾರೂ ವಿರೋಧಿಸಲಿಲ್ಲ. ಈ ಸಲ ಅವಿರೋಧ ಎಂಬ ಮಾತಿಗೆ ವೀರಭದ್ರಪ್ಪನವರಿಗೆ ಬೇಸರವಾಗಲಿಲ್ಲ.

ಗೇಟು ನಿಲ್ಲುವ ಹೊತ್ತಿಗೆ ನವೆಂಬರ್ ಬಂದಿತ್ತು. ಒಂದು ಬೆಳಿಗ್ಗೆ ಸುಶೀಲವ್ವ ಹಿಟ್ಟಿನ ಡಬ್ಬಿ ಹಿಡಿದು ಹೊರಟಾಗ ವೀರಭದ್ರಪ್ಪ ಟೊಪ್ಪಿಗೆ ಹಾಕಿಕೊಂಡು ಹಿಂದೆಯೇ ನಡೆದರು. "ಗೇಟ್ ಸರಿ ಕುಂತೈತೋ ಇಲ್ಲೋ ನೋಡಬೇಕು" ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು. ಗೇಟು ಸರಿಯಾಗಿಯೇ ಕೂತಿತ್ತು. ಆದರೂ ಅವರು ದಾಟಿ ಮುಂದೆ ಹೋದರು.

ಅಕ್ಕಮ್ಮನ ಗ್ಯಾರೇಜಿನಲ್ಲಿ ಬೆಚ್ಚಗಿತ್ತು. ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಯಾರೂ ಎದ್ದು ನಿಲ್ಲಲಿಲ್ಲ. ಬೀಜಿ ಕಾಲಿನಿಂದಲೇ ಒಂದು ಬಕೆಟ್ಟು ಅವರ ಕಡೆಗೆ ಸರಿಸಿದಳು. ಅವರು ಅದನ್ನು ಬೋರಲು ಹಾಕಿ ಕೂತರು. ಅಕ್ಕಮ್ಮ ಬೆಂಕಿಯ ಮೇಲಿಂದಲೇ ಉಬ್ಬಿದ ರೊಟ್ಟಿಯನ್ನು ತಟ್ಟೆಗೆ ಹಾಕಿ ಬೆಣ್ಣೆ ಇಟ್ಟುಕೊಟ್ಟಳು. ಮನೆಗೆ ಬರುವಷ್ಟರಲ್ಲಿ ಈ ರೊಟ್ಟಿ ಏನೆಲ್ಲ ಕಳೆದುಕೊಳ್ಳುತ್ತಿತ್ತೆಂದು ವೀರಭದ್ರಪ್ಪನವರಿಗೆ ಮೊದಲ ತುತ್ತಿಗೇ ತಿಳಿಯಿತು.

ಮೂಲೆಯಲ್ಲಿ ಹೊಸದಾಗಿ ಬಾಡಿಗೆಗೆ ಬಂದ ಗುಜರಾತಿ ಹೆಂಗಸೊಬ್ಬಳು ಕೂತಿದ್ದಳು. ಈ ಟೊಪ್ಪಿಗೆಯ ಗಂಡಸು ಯಾರೆಂದು ಅವಳು ಹಿಂದಿಯಲ್ಲಿ ಬೀಜಿಯನ್ನು ಕೇಳಿದಳು. ಬೀಜಿ ಬಾಯಿ ತೆರೆಯುವ ಮೊದಲೇ ಸುಶೀಲವ್ವ ಇಲ್ಲಿಗೆ ಬಂದ ಮೇಲೆ ಕಲಿತ ತನ್ನ ಹಿಂದಿಯಲ್ಲಿ ಉತ್ತರಿಸಿದಳು.

"ಯೇ ಹಮಾರಾ ಗೇಟ್‌ವಾಲಾ ಹೈ ಜೀ."

ತಾನು ಈ ಓಣಿಯ ಅಧ್ಯಕ್ಷ, ಊರಲ್ಲಿ ಹೊಲಮನೆ ಉಳ್ಳವನು ಎಂದು ತಿದ್ದಬೇಕೆಂದು ವೀರಭದ್ರಪ್ಪ ತಲೆ ಎತ್ತಿದರು. ಅಷ್ಟರಲ್ಲಿ ಅಕ್ಕಮ್ಮ ಎರಡನೆಯ ರೊಟ್ಟಿ ತಟ್ಟೆಗೆ ಬಿಟ್ಟಳು. ಅವರು ಆ ಗುಜರಾತಿ ಹೆಂಗಸಿಗೆ ಕೈಮುಗಿದು, "ಹಾಂ ಜೀ" ಎಂದು ಬೆಣ್ಣೆಯ ಕಡೆ ತಿರುಗಿದರು.